ಹಗೇವಿನ ರಾಗಿ ಯಾರ ಪಾಲು?

ಮಳೆ ಕೈಕೊಟ್ಟರೆ ಮಂಡ್ಯ ಜಿಲ್ಲೆಯ ನಾಗಮಂಗಲದ ಬೆದ್ದಲಿನಲ್ಲಿ ರಾಗಿ, ಹುರುಳಿ ಒಣಗುತ್ತವೆ. ಅದೇ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಭತ್ತ, ಕಬ್ಬು ನಿಂತಿರುತ್ತವೆ. ಹಾಗಾದರೆ ನೀರು ಬಂದಲ್ಲೆಲ್ಲ ಬಡತನ ಹೋಯಿತೇ? ಅಮರ್ತ್ಯ ಸೇನ್ ಅವರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ (1981) ಕೃತಿಯನ್ನು ಈ ಸೀಮೆಯಲ್ಲಿ ಕೂತು ಓದುವವರು ಕೇಳಲೇಬೇಕಾದ ಪ್ರಶ್ನೆ ಇದು.

1943ರ ಬಂಗಾಳದ ಬರವನ್ನು ಸೇನ್ ಒಂಬತ್ತರ ವಯಸ್ಸಿನಲ್ಲಿ ಕಣ್ಣಾರೆ ಕಂಡವರು. ಸುಮಾರು 30 ಲಕ್ಷ ಜನ ಸತ್ತ ಆ ವರ್ಷ ಆಹಾರದ ಲಭ್ಯತೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಕಡಿಮೆಯಿದ್ದದ್ದು ಸುಮಾರು ಶೇ. 5ರಷ್ಟು ಮಾತ್ರ, 1941ಕ್ಕಿಂತ ಹೆಚ್ಚೇ ಇತ್ತು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಯುದ್ಧಕಾಲದ ಬೆಲೆಯೇರಿಕೆಗೆ ದುಡ್ಡಿನ ಕೂಲಿ ನಂಬಿದವರು, ಮೀನುಗಾರರು ಮೊದಲು ಕುಸಿದರು. ಬೆಳೆಯಲ್ಲೇ ಪಾಲು ಪಡೆಯುತ್ತಿದ್ದವರು ಅಷ್ಟು ನರಳಲಿಲ್ಲ. ಕಾಳು ಊರಲ್ಲಿದ್ದರೆ ಸಾಲದು, ಅದನ್ನು ಪಡೆಯುವ ದಾರಿ ಬಡವನ ಕೈಲಿರಬೇಕು ಎಂಬುದೇ ಕೃತಿಯ ತಿರುಳು.

ಮೈಸೂರು ಸಂಸ್ಥಾನದ 1876–78ರ ಬರಕ್ಕೆ ಈ ವಾದವನ್ನು ಹಿಡಿದು ನೋಡಬೇಕು. ಇಲ್ಲಿ ಬೆಳೆ ನಿಜವಾಗಿಯೇ ಹೋಗಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿಯಿತು. ಆದರೂ ಹಗೇವಿನಲ್ಲಿ ಹಳೇ ರಾಗಿ ಇಟ್ಟುಕೊಂಡ ಮನೆಗೂ ಅಂದಂದಿನ ಕೂಲಿಯಲ್ಲಿ ಅಂದಂದೇ ಉಣ್ಣುವ ಮನೆಗೂ ಬರ ಒಂದೇ ಆಗಿರಲು ಸಾಧ್ಯವಿಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ಬರಪರಿಹಾರ ಕಾಮಗಾರಿಯಾಗಿ ನಡೆಯಿತು. ಕೆಲಸ ಕೊಟ್ಟು ಕೂಲಿ ಕೊಡುವ ಈ ದಾರಿಯನ್ನೇ ಮುಂದೆ ಸೇನ್ ಎತ್ತಿ ಹಿಡಿದರು. ಅವರ ವಾದ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಅದು ತಡವರಿಸುವುದು ನಾಲೆ ಬಯಲಲ್ಲಿ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಇತ್ತು, ಗದ್ದೆಯಲ್ಲಿ ಕಬ್ಬಿತ್ತು. ಕೊಂದದ್ದು ಸಾಲ ಮತ್ತು ಸಕ್ಕರೆ ಕಾರ್ಖಾನೆಯಿಂದ ಬಾರದ ಬಾಕಿ. ಹೊಟ್ಟೆಗೆ ಅನ್ನ ಸಿಕ್ಕಿತೇ ಎಂದು ಕೇಳುವ ಪುಸ್ತಕಕ್ಕೆ ಈ ಸಾವು ಎಟುಕುವುದಿಲ್ಲ. ಆದರೆ ಪಾಲಿನ ಪ್ರಶ್ನೆಯನ್ನು ಸೇನ್ ಮನೆಯೊಳಕ್ಕೂ ಒಯ್ದರು ಎಂಬುದನ್ನು ಮರೆಯಬಾರದು. ಆರೈಕೆ ಸಿಗದೆ, ಬದುಕಲು ಬಿಡದೆ ಇಲ್ಲವಾದ ಹೆಣ್ಣುಗಳು 10 ಕೋಟಿಗೂ ಹೆಚ್ಚು ಎಂದು ಅವರು 1990ರಲ್ಲಿ ಬರೆದರು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಆ ಬರಹ ನಮ್ಮನ್ನೇ ಕುರಿತದ್ದಾಯಿತು.

ಸಾಲದ ವಿಷಯದಲ್ಲಿ ಈ ಕೃತಿ ಅರೆಯಾದದ್ದು. ಹಸಿವಿನ ವಿಷಯದಲ್ಲಿ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಇನ್ನು ಮುಂದೆ ಬರ ಘೋಷಣೆಯಾದಾಗ ಮಳೆಯ ಮಿಲಿಮೀಟರ್ ಓದಿ ಸುಮ್ಮನಾಗಬೇಡಿ. ಯಾರ ಕೂಲಿ ನಿಂತಿದೆ, ಯಾರ ಬಾಕಿ ಬಂದಿಲ್ಲ, ಯಾರ ಮನೆಯಲ್ಲಿ ಹೆಣ್ಣುಮಗು ಕೊನೆಗೆ ಉಣ್ಣುತ್ತಿದೆ ಎಂದು ನಿಮ್ಮ ಪಂಚಾಯಿತಿಯನ್ನು ಕೇಳಿ.