ಚಾಮಯ್ಯ ಮೇಷ್ಟ್ರ ತಪ್ಪು

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ನನ್ನ ತಮ್ಮನ ಇಬ್ಬರು ಮಕ್ಕಳು ಶಿರಂಗಾಲಕ್ಕೆ ಬಂದಿದ್ದರು. ಹೊಳೆಯಲ್ಲಿ ನೀರು ಕಡಿಮೆಯಿತ್ತು, ಬಿಸಿಲು ಜೋರಾಗಿತ್ತು. ಮಧ್ಯಾಹ್ನ ಹೊತ್ತು ಹೋಗದೆ ಅಕ್ಕ ತಮ್ಮ ಜಗಳಕ್ಕೆ ನಿಂತರು. ಜಗಳ ಮಾವಿನಹಣ್ಣಿಗೂ ಅಲ್ಲ, ಮೊಬೈಲಿಗೂ ಅಲ್ಲ. ಹ್ಯಾರಿ ಪಾಟರ್ ಕಾದಂಬರಿಗಳ ಹೆಡ್‌ಮಾಸ್ಟರ್ ಡಂಬಲ್‌ಡೋರ್‌ಗಾಗಿ! ನಾಲ್ಕನೆಯ ಪುಸ್ತಕದಲ್ಲಿ ಪಂದ್ಯಕ್ಕೆ ಹೆಸರು ಹಾಕಿದ್ದು ನೀನೇನಾ ಎಂದು ಆತ ಹುಡುಗನನ್ನು ಶಾಂತವಾಗಿ ಕೇಳುತ್ತಾನಂತೆ. 2005ರ ಸಿನಿಮಾದಲ್ಲಿ ಅದೇ ಮನುಷ್ಯ ಓಡಿಬಂದು ಹುಡುಗನನ್ನು ಹಿಡಿದು ಅರಚುತ್ತಾನಂತೆ. 'ನಮ್ಮ ಡಂಬಲ್‌ಡೋರ್ ಹಾಗೆ ಮಾಡುವವನೇ ಅಲ್ಲ' ಎಂದು ಹುಡುಗಿಯ ಕಣ್ಣಲ್ಲಿ ನೀರು. 'ಸಿನಿಮಾದಲ್ಲಿ ಶಾಂತವಾಗಿ ಕೇಳಿದರೆ ಯಾರು ನೋಡ್ತಾರೆ?' ಎಂದು ಹುಡುಗನ ವಾದ. ಲೋಕದ ಎಷ್ಟೋ ಮಕ್ಕಳು, ಮಕ್ಕಳಲ್ಲದವರೂ, ಈ ಒಂದು ದೃಶ್ಯಕ್ಕಾಗಿ ವರ್ಷಗಟ್ಟಲೆ ಕಾದಾಡಿದ್ದಾರೆಂದು ಆಮೇಲೆ ತಿಳಿಯಿತು.

ನನಗೆ ನಗು ಬರಲಿಲ್ಲ. ಏಕೆಂದರೆ ಇಂಥದೇ ಜಗಳದ ನಡುವೆ ನಾನು ಬೆಳೆದವಳು. ಅಲ್ಲಿಯೂ ವಿಷಯ ಒಬ್ಬ ಮೇಷ್ಟ್ರದ್ದೇ.

ನಮ್ಮ ಮನೆಯ ಜಗಳ 'ನಾಗರಹಾವು' ಕುರಿತದ್ದು. ಸೋದರಮಾವ ತ.ರಾ.ಸು. ಅವರ ಕಟ್ಟಾ ಓದುಗರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಈ ಮೂರೂ ಕಾದಂಬರಿಗಳನ್ನು ರಟ್ಟು ಕಟ್ಟಿಸಿ, ಪಂಚಾಂಗದ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅಮ್ಮ ಓದಿದವಳಲ್ಲ. ಅವಳದು ಸಿನಿಮಾ ಪಕ್ಷ. ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಅವರು ಮಾಡಿದ ಚಿತ್ರ 1972ರ ಕೊನೆಯಲ್ಲಿ ತೆರೆಕಂಡಿತು. ನಾನಾಗ ಎರಡು ವರ್ಷದ ಕೂಸು. ನಾನು ಅದನ್ನು ನೋಡಿದ್ದು ಏಳನೆಯ ತರಗತಿಯಲ್ಲಿ, ಟೆಂಟಿನಲ್ಲಿ, ನೆಲದ ಮೇಲೆ ಕುಳಿತು. ಆ ಹೊತ್ತಿಗಾಗಲೇ ವಿಷ್ಣುವರ್ಧನ್ ದೊಡ್ಡ ಹೆಸರು. ಜಲೀಲನಾಗಿ ಸೈಕಲ್ಲಿನ ಮೇಲೆ ಬಂದು ಹೋದ ಅಂಬರೀಶ್ ಕೂಡ ನಾಯಕನಾಗಿದ್ದರು.

ಸಿನಿಮಾ ನೋಡಿ ಬಂದ ರಾತ್ರಿಯೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರು: ಬರೆದವರೇ ಇದನ್ನು ಒಪ್ಪಿಲ್ಲ. ತ.ರಾ.ಸು. ಚಿತ್ರವನ್ನು ಮೆಚ್ಚಲಿಲ್ಲವೆಂಬುದೂ, ಇದು ನಾಗರಹಾವಲ್ಲ, ಕೇರೆಹಾವು ಎಂದರೆಂಬುದೂ ಕನ್ನಡ ನಾಡಿನಲ್ಲಿ ಬಹಳ ಜನರ ಬಾಯಲ್ಲಿ ಓಡಾಡಿದ ಮಾತು. ಅಮ್ಮ ಅದಕ್ಕೆ ಸುಮ್ಮನಿರುತ್ತಿರಲಿಲ್ಲ. 'ಕೇರೆಹಾವಾದರೆ ಏನಾಯ್ತು? ಗದ್ದೆ ಇಲಿ ತಿನ್ನೋದು ಅದೇ ತಾನೆ' ಎಂದು ಒಂದೇ ಏಟಿಗೆ ಮಾವನ ಬಾಯಿ ಮುಚ್ಚಿಸುತ್ತಿದ್ದಳು. ಭತ್ತ ಬೆಳೆಯುವ ಊರಿನವರಿಗೆ ಆ ಮಾತಿನ ತೂಕ ಗೊತ್ತು.

ಮಾವನ ಸಿಟ್ಟು ಸುಳ್ಳಲ್ಲ. ಮೂರು ಪುಸ್ತಕಗಳ ಹೆಸರನ್ನೇ ನೋಡಿ. ಒಂದು ಹೆಸರು ಮನುಷ್ಯನ ಸ್ವಭಾವವನ್ನು ಹೇಳುತ್ತದೆ, ಎರಡನೆಯದು ಮೂವರ ಸಂಬಂಧವನ್ನು, ಮೂರನೆಯದು ಒಳಗೇ ಕುದಿಯುವ ವಿಷವನ್ನು. ಸಿನಿಮಾ ಎರಡನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಇಟ್ಟುಕೊಂಡಿತು. ಅಲ್ಲಿಗೆ ಅದು ಮುಖ್ಯವಾಗಿ ರಾಮಾಚಾರಿಯೊಬ್ಬನ ಕಥೆಯಾಯಿತು. ಓದುಗ ಒಬ್ಬ ಸಿಡುಕನ ಜೊತೆ ವಾರಗಟ್ಟಲೆ ಬಾಳುತ್ತಾನೆ, ಅವನ ಮೇಲೆ ಬೇಸರಪಡುತ್ತಾನೆ, ಪುಸ್ತಕ ಮಡಿಚಿಡುತ್ತಾನೆ, ಮತ್ತೆ ತೆರೆಯುತ್ತಾನೆ. ಪ್ರೇಕ್ಷಕನಿಗೆ ಸಿಗುವುದು ಹೆಚ್ಚೆಂದರೆ ಮೂರು ಗಂಟೆ, ಅದರಲ್ಲಿ ಹಾಡುಗಳೂ ಸೇರಿ. ಅಷ್ಟರಲ್ಲಿ ರಾಮಾಚಾರಿಯನ್ನು ನಾವು ಪ್ರೀತಿಸಲೇಬೇಕು, ಇಲ್ಲದಿದ್ದರೆ ಚಿತ್ರ ನಿಲ್ಲುವುದಿಲ್ಲ. ಹಾಗಾಗಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದಾಗಲೂ ಟೆಂಟಿನಲ್ಲಿ ಸಿಳ್ಳೆ ಬಿತ್ತು. ಶಾಲೆಗೆ ಹೋಗುವ ನಾನೂ ಕೈ ತಟ್ಟಿದೆ.

ಅಮ್ಮನ ಮಾತೂ ಸುಳ್ಳಲ್ಲ. ಚಿತ್ರದುರ್ಗದ ಕಲ್ಲನ್ನು ನಮ್ಮ ಕಡೆಯವರು ಕಣ್ಣಾರೆ ಕಂಡದ್ದು ಆ ಚಿತ್ರದಲ್ಲೇ. ಕಾಫಿ, ಮಳೆ, ಹೊಳೆ ನೋಡಿದ ಕಣ್ಣಿಗೆ ಆ ಒಣ ಬಂಡೆಗಳು ಬೇರೆಯದೇ ಲೋಕ. ಚಿಟ್ಟಿಬಾಬು ಅವರ ಕ್ಯಾಮೆರಾ ಬೆಟ್ಟವನ್ನು ಒಂದು ಪಾತ್ರದಂತೆಯೇ ತೋರಿಸಿತು. ಕಥೆಯೊಂದೇ ಸಾಕಾಗಿದ್ದರೆ ಇದೇ ಪುಟ್ಟಣ್ಣನವರು ರಿಷಿ ಕಪೂರರನ್ನು ಇಟ್ಟುಕೊಂಡು 1974ರಲ್ಲಿ ಹಿಂದಿಯಲ್ಲಿ ತೆಗೆದ 'ಜಹರೀಲಾ ಇನ್ಸಾನ್' ಕೂಡ ಜನರ ಮನಸ್ಸಿನಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂದರೆ ಪುಸ್ತಕದಿಂದ ಬರದ ಏನೋ ಒಂದು ಕನ್ನಡದ ಚಿತ್ರದಲ್ಲಿ ಇದೆ ಎಂದಾಯಿತು.

ಆ ಏನೋ ಒಂದರಲ್ಲಿ ಅರ್ಧ ಪಾಲು ಕೆ.ಎಸ್. ಅಶ್ವಥ್ ಅವರದು ಎಂದು ನನ್ನ ನಂಬಿಕೆ. ಚಾಮಯ್ಯ ಮೇಷ್ಟ್ರು! ಊರೆಲ್ಲ ಪೋಕರಿ ಎನ್ನುವ ಹುಡುಗನನ್ನು ಒಬ್ಬರೇ ನಂಬುವ ಮೇಷ್ಟ್ರು. ಅವರ ಪಂಚೆ, ಕೋಟು, ಆ ತಗ್ಗಿದ ದನಿ. ನಾನು ಬಿ.ಎಡ್. ಮಾಡಲು ಹೋದಾಗ ನನ್ನ ತಲೆಯಲ್ಲಿದ್ದದ್ದು ಯಾವ ಶಿಕ್ಷಣತಜ್ಞರ ಪುಸ್ತಕವೂ ಅಲ್ಲ, ಅಶ್ವಥ್ ಅವರ ದನಿ. ನನ್ನ ಓರಗೆಯ ಎಷ್ಟೋ ಶಿಕ್ಷಕರು ಇದನ್ನು ಒಪ್ಪಿಯಾರು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮಾವನೂ ಅಮ್ಮನೂ ಅಷ್ಟು ವರ್ಷ ಜಗಳವಾಡಿದರು. ಪುಸ್ತಕದ ಹಾವು ದೊಡ್ಡದೋ ಸಿನಿಮಾದ ಹಾವು ದೊಡ್ಡದೋ ಎಂದು ಅಳೆದರು. ಆ ಹಾವಾಡಿಗನ ಕೈಯಲ್ಲಿ ಏನಿತ್ತು ಎಂದು ಇಬ್ಬರೂ ಕೇಳಲಿಲ್ಲ.

ಚಿತ್ರದಲ್ಲಿ ನಡೆಯುವುದೇನು? ಜಲೀಲನ ಕಾಟದಿಂದ ತಂಗಿಯನ್ನು ಪಾರುಮಾಡಿದರೆ ಅವಳನ್ನು ನಿನಗೇ ಕೊಡಿಸುತ್ತೇನೆಂದು ವರದ ರಾಮಾಚಾರಿಗೆ ಮಾತು ಕೊಡುತ್ತಾನೆ. ಅಲಮೇಲು, ರಾಮಾಚಾರಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಜಾತಿ ಅಡ್ಡ ಬರುತ್ತದೆ. ಆಗ ಚಾಮಯ್ಯ ಮೇಷ್ಟ್ರು ಗದರಿಸುವುದಿಲ್ಲ, ಹೊಡೆಯುವುದಿಲ್ಲ. ತ್ಯಾಗ ಎನ್ನುವ ದೊಡ್ಡ ಮಾತನ್ನು ಶಿಷ್ಯನ ಮುಂದೆ ಇಡುತ್ತಾರೆ. ಲೋಕದಲ್ಲಿ ಯಾರಿಗೂ ತಲೆಬಾಗದ ಹುಡುಗ ಈ ಒಬ್ಬರ ಮಾತಿಗೆ ತಲೆಬಾಗುತ್ತಾನೆ. ಅಲಮೇಲು ಬೇರೆಯವನ ಕೈ ಹಿಡಿಯುತ್ತಾಳೆ. ಆಮೇಲೆ ಅವಳು ಅವನಿಗೆ ಎದುರಾಗುವುದು ಒಂದು ಹೋಟೆಲಿನಲ್ಲಿ, ಮೈಮಾರಿ ಬದುಕುವ ಹೆಣ್ಣಾಗಿ. ಮಾರ್ಗರೆಟ್ ವಿಷಯ ಬಂದಾಗ ಮೇಷ್ಟ್ರು ಮತ್ತೆ ಅದೇ ಮಾತು ಹೇಳಲು ಬರುತ್ತಾರೆ. ಈ ಸಲ ಶಿಷ್ಯ ಒಪ್ಪುವುದಿಲ್ಲ. ಬಂಡೆಯ ತುದಿಯಲ್ಲಿ ಮಾತು ಬೆಳೆದು ಮೇಷ್ಟ್ರು ಬಿದ್ದು ಸಾಯುತ್ತಾರೆ. ಹಿಂದೆಯೇ ಅವರಿಬ್ಬರೂ ಹೋಗುತ್ತಾರೆ.

ಇಡೀ ಚಿತ್ರದಲ್ಲಿ ದೊಡ್ಡ ಅನ್ಯಾಯ ಮಾಡಿದವರು ಯಾರು? ಜಲೀಲನಲ್ಲ. ಪ್ರಿನ್ಸಿಪಾಲರಲ್ಲ. ಎಲ್ಲರಿಗಿಂತ ಒಳ್ಳೆಯವರಾದ ಮೇಷ್ಟ್ರು. ಅಶ್ವಥ್ ಅವರ ಅಭಿನಯ ಎಷ್ಟು ಹಿತವೆಂದರೆ ಆ ಅನ್ಯಾಯ ನಡೆಯುವಾಗ ನಮಗೆ ಗೊತ್ತೇ ಆಗುವುದಿಲ್ಲ. ನಾವು ಮೇಷ್ಟ್ರಿಗಾಗಿ ಅಳುತ್ತೇವೆ. ಅದೇ ಚಿತ್ರದಲ್ಲಿ ಜಯಂತಿಯವರ ಒನಕೆ ಓಬವ್ವನೂ ಇದ್ದಾಳೆ. ಕೋಟೆಯ ಕಿಂಡಿಯಲ್ಲಿ ನುಗ್ಗಿದವರನ್ನು ಒನಕೆಯಿಂದ ಬಡಿದ ಹೆಂಗಸಿಗೆ ಹಾಡು ಕಟ್ಟಿ ಕೈಮುಗಿಯುವ ಬೆಟ್ಟದಲ್ಲೇ ಅಲಮೇಲುವಿಗೆ ಸುಮ್ಮನಿರು ಎನ್ನಲಾಗುತ್ತದೆ. ಪುಟ್ಟಣ್ಣನವರು ಇವೆರಡನ್ನೂ ಒಂದೇ ಚಿತ್ರದೊಳಗೆ ಇಟ್ಟರು. ಬೇಕೆಂದು ಇಟ್ಟರೋ ತಾನಾಗಿ ಬಂತೋ, ನೋಡುವವರಿಗೆ ಅದು ಕಾಣಬೇಕಿತ್ತು. ನಮಗೆ ಹಾಡು ಕೇಳಿಸಿತು, ಅಲಮೇಲುವಿನ ಮೌನ ಕೇಳಿಸಲಿಲ್ಲ.

ಚಿತ್ರದ ಸೋಲೂ ಇಲ್ಲೇ ಇದೆ. ಮೂವರನ್ನೂ ಬಂಡೆಯಿಂದ ಕೆಡವಿಬಿಟ್ಟರೆ ಊರಿನವರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. 'ಶರಪಂಜರ'ದ ಕಾವೇರಿ ಹುಚ್ಚಾಸ್ಪತ್ರೆಗೆ ಮರಳುತ್ತಾಳೆ, 'ರಂಗನಾಯಕಿ' ಸಾಯುತ್ತಾಳೆ. ಪುಟ್ಟಣ್ಣನವರು ಪ್ರಶ್ನೆಯನ್ನು ಬಹಳ ದೊಡ್ಡದಾಗಿ ಎತ್ತುತ್ತಾರೆ, ಆಮೇಲೆ ಪ್ರಶ್ನೆ ಕೇಳಿದವರನ್ನೇ ಕಳಿಸಿಬಿಡುತ್ತಾರೆ. ನಾವು ಕಣ್ಣೊರೆಸಿಕೊಂಡು, ಹಗುರವಾಗಿ ಮನೆಗೆ ಬರುತ್ತೇವೆ. ಹಗುರವಾಗಿ ಬರಬಾರದಿತ್ತು.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಸಿನಿಮಾ ನೋಡಿಯೂ ಕಲಿಯಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಬಳಿ ಓದಿದ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಳು. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದರು. ಅಪ್ಪನಿಗೆ ಹೇಳಿ ಟೀಚರ್ ಎಂದು ಅವಳು ಬಂದಳು. ಮರುದಿನ ಅಪ್ಪನೂ ಬಂದ, ಹುಡುಗಿಗೆ ಬುದ್ಧಿ ಹೇಳಿ ಎಂದ. ನಾನು ಹುಡುಗಿಗೆ ಬುದ್ಧಿ ಹೇಳಿದೆ. ಗದರಿಸಲಿಲ್ಲ. ತಗ್ಗಿದ ದನಿಯಲ್ಲಿ, ತಲೆ ಸವರಿ, ಅಪ್ಪನ ಮರ್ಯಾದೆ, ತಂಗಿಯರ ಭವಿಷ್ಯ ಎಂದೆಲ್ಲ ಹೇಳಿದೆ. ಅವಳು ಒಂದೂ ಮಾತಾಡದೆ ಒಪ್ಪಿದಳು. ನಾನು ಒಳ್ಳೆಯ ಟೀಚರ್ ಎನ್ನಿಸಿಕೊಂಡು ಮದುವೆಯ ಊಟ ಮಾಡಿ ಬಂದೆ.

ಹತ್ತು ಹನ್ನೆರಡು ವರ್ಷದ ಮೇಲೆ ಕುಶಾಲನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಎರಡು ಮಕ್ಕಳು, ಒಂದು ಬಟ್ಟೆಗಂಟು. ಗಂಡ ಬಿಟ್ಟುಹೋಗಿದ್ದ. ಕೂಲಿಗೆ ತೋಟಕ್ಕೆ ಹೋಗುತ್ತಿದ್ದಳು. ನನ್ನ ಕಾಲು ಮುಟ್ಟಿ, 'ನೀವು ಹೇಳಿದ್ರಿ ಅಂತ ಒಪ್ಕೊಂಡೆ ಟೀಚರ್, ಅಪ್ಪ ಹೇಳಿದ್ರೆ ಒಪ್ತಿರ್ಲಿಲ್ಲ' ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

2018ರಲ್ಲಿ 'ನಾಗರಹಾವು' ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆಗೆ ಬಂತು. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋದೆ. ವಿಷ್ಣುವರ್ಧನ್ ತೀರಿಕೊಂಡು ಎಂಟು ವರ್ಷಗಳ ಮೇಲಾಗಿತ್ತು. ಹುಡುಗರು ಮೊದಲ ದೃಶ್ಯಕ್ಕೇ ಎದ್ದು ಕುಣಿದರು. ನಾನು ತೆರೆಯಲ್ಲಿ ಮೇಷ್ಟ್ರನ್ನು ಮಾತ್ರ ನೋಡುತ್ತಿದ್ದೆ. ತ್ಯಾಗದ ಮಾತು ಬಂದಾಗ ತಲೆ ತಗ್ಗಿಸಿದೆ. ಹೊರಗೆ ಬಂದ ಮೇಲೆ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸು ಪಿರಿಯಾಪಟ್ಟಣ ದಾಟಿದ ಮೇಲೆ, 'ಮೊದಲು ಆ ಅಲಮೇಲುನ ಕೇಳಬೇಕಿತ್ತು ಮೇಷ್ಟ್ರು' ಎಂದಳು. ಬಸ್ ನಿಲ್ದಾಣದ ಹುಡುಗಿಯ ಕಥೆಯನ್ನು ನಾನು ಅಮ್ಮನಿಗೆ ಹೇಳಿರಲಿಲ್ಲ.

ಆದ್ದರಿಂದ ಸಿನಿಮಾ ಪುಸ್ತಕಕ್ಕೆ ನಿಷ್ಠವಾಗಿದೆಯೇ ಎನ್ನುವ ಜಗಳ ನನಗೆ ಈಗ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬರೆದವರು ಮುನಿಸಿಕೊಳ್ಳುವುದು ಹೊಸತೂ ಅಲ್ಲ. ಜರ್ಮನಿಯ ಮೈಕೆಲ್ ಎಂಡೆ ಮಕ್ಕಳಿಗಾಗಿ ಬರೆದ ಒಂದು ಅದ್ಭುತ ಕಾದಂಬರಿ 1984ರಲ್ಲಿ ಚಿತ್ರವಾದಾಗ ಆತ ಕೋರ್ಟಿಗೇ ಹೋದರು, ಸೋತರು. ತ.ರಾ.ಸು. ಒಂದು ಮಾತಿನಲ್ಲಿ ಮುಗಿಸಿದರು. ಅವರು 1984ರಲ್ಲಿ, ಪುಟ್ಟಣ್ಣ 1985ರಲ್ಲಿ ತೀರಿಕೊಂಡರು. ಜಗಳ ಮಾತ್ರ ಉಳಿಯಿತು. 2016ರಲ್ಲಿ 'ನಾಗರಹಾವು' ಎಂಬ ಅದೇ ಹೆಸರಿನಲ್ಲಿ ಬೇರೊಂದು ಮಾಯಾಜಾಲದ ಚಿತ್ರವೇ ಬಂದು, ಅದರಲ್ಲಿ ಕಂಪ್ಯೂಟರು ವಿಷ್ಣುವರ್ಧನರನ್ನು ಮತ್ತೆ ನಡೆಸಿತು. ಹಾವಿಗೆ ಎಷ್ಟು ಪೊರೆ!

ಅಭಿಮಾನಿಗಳು ಜಗಳವಾಡುವುದು ತಪ್ಪಲ್ಲ. ತಾನು ಪ್ರೀತಿಸಿದ ಪಾತ್ರದ ಮೇಲೆ ಇನ್ನೊಬ್ಬರು ಕೈಹಾಕಿದಾಗ ನೋಯುವುದು ಓದಿನ ಲಕ್ಷಣ. ಆದರೆ ನಮ್ಮ ಮೇಷ್ಟ್ರು ಹೀಗಿರಲಿಲ್ಲ ಎನ್ನುವಲ್ಲಿಗೆ ನಿಲ್ಲಬಾರದು. ಅವರು ಮಾಡಿದ್ದು ಸರಿಯೇ ಎಂದೂ ಕೇಳಬೇಕು. ಅರಚುವ ಹೆಡ್‌ಮಾಸ್ಟರನ್ನು ಕಂಡು ನನ್ನ ತಮ್ಮನ ಮಗಳು ಅತ್ತಳು. ಶಾಂತವಾಗಿ ಮಾತಾಡುವ ಮೇಷ್ಟ್ರನ್ನು ನಂಬಿ ನಾವೆಲ್ಲ ಕೈಮುಗಿದೆವು. ಯಾವುದರಲ್ಲಿ ಹೆಚ್ಚು ಅಪಾಯ ಎಂದು ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನನಗೆ ಗೊತ್ತು.

ಇದನ್ನೆಲ್ಲ ಆ ಮಧ್ಯಾಹ್ನ ಮಕ್ಕಳಿಗೆ ಹೇಳಿದೆ, ಬಸ್ ನಿಲ್ದಾಣದ್ದನ್ನೂ ಸೇರಿಸಿ. ಹುಡುಗ ಚಿತ್ರ ನೋಡೋಣ ಎಂದ. ಹುಡುಗಿ ಮಾತ್ರ, 'ಪುಸ್ತಕದಲ್ಲಿ ಚಾಮಯ್ಯ ಮೇಷ್ಟ್ರು ಹೇಗಿದ್ದಾರೆ ಅತ್ತೆ?' ಎಂದು ಕೇಳಿದಳು. ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಒಳಗೆ ಹೋಗಿ ಮಾವನ ರಟ್ಟು ಕಟ್ಟಿದ ಮೂರು ಪುಸ್ತಕಗಳನ್ನು ತಂದು, ಧೂಳು ಒರೆಸಿ, ಅವಳ ಮಡಿಲಲ್ಲಿಟ್ಟೆ. ಕನ್ನಡ ನಿಧಾನವಾಗಿ ಓದುತ್ತಾಳೆ. ರಜೆ ಮುಗಿಯುವಷ್ಟರಲ್ಲಿ ಮೊದಲನೆಯದರ ಅರ್ಧ ಮುಗಿದಿತ್ತು. ಉಳಿದದ್ದನ್ನು ಬೆಂಗಳೂರಿಗೆ ಒಯ್ದಿದ್ದಾಳೆ. ಅವಳು ಏನು ಹೇಳುತ್ತಾಳೋ ಎಂದು ನಾನು ಸ್ವಲ್ಪ ಭಯದಿಂದಲೇ ಕಾಯುತ್ತಿದ್ದೇನೆ.