ಛತ್ರದ ವಾಸ್ತು: ಅಂಕಣವೂ ಬಾಗಿಲೂ

ವಾಸ್ತುಶಿಲ್ಪವೆಂದೊಡನೆ ನಮಗೆ ಬೇಲೂರು ಹಳೇಬೀಡುಗಳ ಹೆಸರು ನಾಲಗೆಗೆ ಬರುತ್ತದೆ. ಗೋಪುರವನ್ನು ಕುರಿತು ಬರೆದವರು ಅನೇಕರು. ಕೋಟೆಯನ್ನು ಕುರಿತು ಬರೆದವರೂ ಉಂಟು. ದಾರಿಗನೂ ದಿಕ್ಕಿಲ್ಲದವನೂ ತಲೆಯಿಡಲೆಂದು ಕಟ್ಟಿದ ಛತ್ರವನ್ನು ಮಾತ್ರ ಧರ್ಮಕಾರ್ಯವೆಂದು ಹೊಗಳಿ ಕೈಮುಗಿದುಬಿಡುತ್ತೇವೆ. ಅದನ್ನು ಕಟ್ಟಡವೆಂದು ನಿಂತು ನೋಡಿ, ಇಲ್ಲಿ ಚೆನ್ನಾಗಿದೆ, ಇಲ್ಲಿ ಚೆನ್ನಾಗಿಲ್ಲ ಎಂದು ಹೇಳುವವರು ವಿರಳ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂಬ ಸಂಕೋಚವಿರಬಹುದು. ಆದರೆ ಹಲ್ಲು ಎಣಿಸದೆ ವಿಮರ್ಶೆ ನಡೆಯದು.

ನಮ್ಮ ಹೊಸೂರು, ಕೃಷ್ಣಗಿರಿಯ ಸೀಮೆ ಕರಿಬಂಡೆಯ ಸೀಮೆ. ಇಲ್ಲಿ ಮರಕ್ಕಿಂತ ಕಲ್ಲು ಸುಲಭ. ಹಳೆಯ ದಾರಿಗಳ ಬದಿಯಲ್ಲಿ, ಗುಡಿಗಳ ಮುಂದೆ ನಿಂತಿರುವ ಕಲ್ಲುಮಂಟಪಗಳನ್ನು ನೋಡದವರಿಲ್ಲ. ನಾಲ್ಕು ಕಂಬ, ಮೇಲೆ ತೊಲೆ, ಅದರ ಮೇಲೆ ಚಪ್ಪಡಿ. ಇಷ್ಟೇ ಅದರ ವ್ಯಾಕರಣ. ಕಲ್ಲಿನ ಚಪ್ಪಡಿ ಬಹಳ ದೂರ ಚಾಚಲಾರದು, ಚಾಚಿದರೆ ನಡುವೆ ಸೀಳುತ್ತದೆ. ಆದಕಾರಣ ಆರೇಳು ಅಡಿಗೊಂದು ಕಂಬ ನಿಲ್ಲಿಸಲೇಬೇಕು. ಹೀಗೆ ನಾಲ್ಕು ಕಂಬಗಳ ನಡುವೆ ಉಳಿಯುವ ಜಾಗಕ್ಕೆ ನಮ್ಮವರು ಅಂಕಣವೆಂದರು. ಮನೆಯ ಅಳತೆಯನ್ನೂ ಅಂಕಣದಿಂದಲೇ ಹೇಳುವುದು ರೂಢಿ. ಈ ಅಳತೆಯನ್ನು ಕೊಟ್ಟದ್ದು ಕಲ್ಲು. ಆದರೂ ಅದು ಮನುಷ್ಯನಿಗೆ ಎಷ್ಟು ಸರಿಯಾಗಿ ಹೊಂದುತ್ತದೆಂಬುದನ್ನು ಗಮನಿಸಬೇಕು. ಒಂದು ಅಂಕಣದಲ್ಲಿ ಒಬ್ಬಾಳು ಕಾಲು ಚಾಚಿ ಮಲಗಬಹುದು. ತಾಯಿ ಎರಡು ಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಳ್ಳಬಹುದು. ಗಂಟನ್ನು ಕಂಬಕ್ಕೆ ಒರಗಿಸಬಹುದು. ಪಕ್ಕದ ಅಂಕಣದವನಿಗೂ ತನಗೂ ನಡುವೆ ಗೋಡೆಯಿಲ್ಲ, ಆದರೆ ಮೇರೆಯಿದೆ. ಗೋಡೆಯಿಲ್ಲದೆ ಮೇರೆಯನ್ನು ಕೊಡುವುದು ಸಾಮಾನ್ಯವಾದ ಕಲೆಯಲ್ಲ. ಕಂಬದ ಮೇಲಿನ ಹೂಬಳ್ಳಿಯನ್ನು ಹೊಗಳುವ ನಾವು ಇದನ್ನು ಹೊಗಳಲು ಮರೆತಿದ್ದೇವೆ.

ಜಗಲಿಯದೂ ಇಂಥದೇ ಗುಣ. ದಾರಿಯ ಬದಿಯಲ್ಲಿ ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲನ್ನು ತಮಿಳಿನವರು ಸುಮೈತಾಂಗಿ ಎನ್ನುತ್ತಾರೆ. ಛತ್ರದ ಜಗಲಿಯನ್ನು ನಾನು ಆ ಕಲ್ಲಿನ ದೊಡ್ಡ ತಮ್ಮನೆಂದು ಭಾವಿಸುತ್ತೇನೆ. ಬೀದಿಗೆ ಸೇರಿದ್ದೂ ಅಲ್ಲ, ಮನೆಗೆ ಸೇರಿದ್ದೂ ಅಲ್ಲ. ಅಲ್ಲಿ ಕುಳಿತವನನ್ನು ಯಾರೂ ‘ನೀನು ಯಾರು?’ ಎಂದು ಕೇಳುವುದಿಲ್ಲ. ಒಳಗೆ ಪಡಸಾಲೆ, ನಡುವೆ ತೊಟ್ಟಿ, ಸುತ್ತ ಕೋಣೆಗಳ ಸಾಲು, ಹಿಂದೆ ಅಡಿಗೆಯ ಮನೆ, ಬಾವಿ. ದೊಡ್ಡ ಛತ್ರಗಳೆಲ್ಲ ಹೆಚ್ಚು ಕಡಮೆ ಈ ಕ್ರಮವನ್ನೇ ಅನುಸರಿಸಿವೆ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಜಗಲಿಯಲ್ಲಿ ಕೇಳದ ಪ್ರಶ್ನೆಯನ್ನು ಒಳಬಾಗಿಲಲ್ಲಿ ಕೇಳುತ್ತಿದ್ದರು. ಯಾವ ಜಾತಿಯವನು ಎಲ್ಲಿಯವರೆಗೆ ಬರಬಹುದು, ಯಾರಿಗೆ ಯಾವ ಅಡಿಗೆಯ ಮನೆ, ಯಾರಿಗೆ ಯಾವ ಪಂಕ್ತಿ, ಎಂಬುದನ್ನು ಎಷ್ಟೋ ಛತ್ರಗಳಲ್ಲಿ ಗೋಡೆಗಳೇ ನಿರ್ಣಯಿಸುತ್ತಿದ್ದವು. ತಂಜಾವೂರಿನ ಎರಡನೆಯ ಸರ್ಫೋಜಿ ಮಹಾರಾಜರು ೧೮೦೧ರಲ್ಲಿ ಇಂಗ್ಲಿಷರ ರೆಸಿಡೆಂಟನಿಗೆ ತಮ್ಮ ಮನೆತನದ ಛತ್ರಗಳನ್ನು ಕುರಿತು ಒಂದು ಕಾಗದ ಬರೆದರು. ಎಲ್ಲ ಜಾತಿಯ ದಾರಿಗರಿಗೂ ಅಲ್ಲಿ ಅನ್ನವುಂಟು. ಬೇಯಿಸಿದ್ದನ್ನು ಉಣ್ಣಲೊಲ್ಲದವರಿಗೆ ಅಕ್ಕಿ ಸಾಮಗ್ರಿಗಳುಂಟು. ನಡುರಾತ್ರಿಯಲ್ಲಿ ಗಂಟೆ ಬಾರಿಸಿ, ಇನ್ನೂ ಉಣ್ಣದವರಿದ್ದರೆ ಬರಬೇಕೆಂದು ಕೂಗಿಸುತ್ತಾರೆ. ದಾರಿಯಲ್ಲಿ ರೋಗ ಬಿದ್ದವನಿಗೆ ವೈದ್ಯನುಂಟು ಎಂಬುದು ಅದರ ಸಾರ. ಆ ನಡುರಾತ್ರಿಯ ಗಂಟೆ ನನಗೆ ಯಾವ ಶಿಖರದ ಕಲಶಕ್ಕಿಂತಲೂ ದೊಡ್ಡದಾಗಿ ತೋರುತ್ತದೆ.

ಆದರೂ ಆ ಕಾಗದದಲ್ಲಿರುವವನು ದಾರಿಗನೇ. ಅವನು ಎಲ್ಲಿಂದಲೋ ಬಂದವನು, ಎಲ್ಲಿಗೋ ಹೋಗತಕ್ಕವನು. ಮೂರು ದಿನಕ್ಕೆ ಮೀರಿ ಇರಕೂಡದೆಂಬ ಕಟ್ಟಳೆ ಅನೇಕ ಛತ್ರಗಳಲ್ಲಿ ಇದ್ದದ್ದು ಇದೇ ಕಾರಣದಿಂದ. ಹೋಗಲು ಊರೇ ಇಲ್ಲದವನು ನಾಲ್ಕನೆಯ ದಿನ ಏನು ಮಾಡಬೇಕು? ಅಂಕಣದ ವಾಸ್ತುವಿನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಅದು ರಾತ್ರಿಯನ್ನು ಅಳೆದು ಕಟ್ಟಿದ್ದು, ಆಯುಷ್ಯವನ್ನಲ್ಲ.

ಕನ್ನಡಿಗರಿಗೆ ಆ ನಾಲ್ಕನೆಯ ದಿನದವನು ಹೊಳೆಯಲೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಬಳ್ಳಿಗಾವೆಯ ಕೋಡಿಮಠವನ್ನು ಕುರಿತ ೧೧೬೨ರ ಶಾಸನ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು ಮೊದಲಾದವರಿಗೆಲ್ಲ ಅಲ್ಲಿ ಸದಾ ಅನ್ನವಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವೂ ಔಷಧವೂ ಇದ್ದವೆಂದೂ ಹೇಳುತ್ತದೆ. ವ್ಯಾಕರಣದ ಪಾಠವೂ ಅನಾಥನ ಊಟವೂ ಒಂದೇ ಮಠದಲ್ಲಿ! ಇಂದು ಅಲ್ಲಿಗೆ ಹೋದವರು ನೋಡಿ ಬರುವುದು ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವನ್ನು. ಕುರುಡನು ಯಾವ ಮೂಲೆಯಲ್ಲಿ ಮಲಗುತ್ತಿದ್ದನೆಂಬುದನ್ನು ತೋರಿಸುವ ಕಲ್ಲು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಶಾಸನದ ಅಕ್ಷರದಲ್ಲಿ ಮಾತ್ರ ಉಳಿದಿದ್ದಾನೆ.

ಬಡವರಿಗೆಂದೇ ಕಟ್ಟಿದ ಸಾಲುಮನೆ ಇಂದಿಗೂ ನಿಂತು, ಇಂದಿಗೂ ಅದೇ ಕೆಲಸ ಮಾಡುತ್ತಿರುವುದನ್ನು ನೋಡಲು ನಾವು ಬಹುದೂರ, ಜರ್ಮನಿಯ ಔಗ್ಸ್‌ಬರ್ಗ್ ನಗರಕ್ಕೆ ಹೋಗಬೇಕು. ನಾನು ಹೋದವನಲ್ಲ, ನಕ್ಷೆಯನ್ನೂ ಚಿತ್ರಗಳನ್ನೂ ನೋಡಿ ಬರೆಯುತ್ತಿದ್ದೇನೆ. ಯಾಕೋಬ್ ಫುಗ್ಗರನೆಂಬ ಸಾಹುಕಾರನು ೧೫೨೧ರಲ್ಲಿ ಸ್ಥಾಪಿಸಿದ ಫುಗ್ಗೆರೈ ಅದು. ನೇರವಾದ ಓಣಿಗಳು, ಎರಡಂತಸ್ತಿನ ಒಂದೇ ಬಗೆಯ ಮನೆಗಳ ಸಾಲು, ಅಲಂಕಾರವೆಂಬುದು ಇಲ್ಲವೆಂದೇ ಹೇಳಬೇಕು. ಆದರೆ ಕೆಳಗಿನ ಮನೆಗೂ ಮೇಲಿನ ಮನೆಗೂ ಬೀದಿಗೆ ಬೇರೆ ಬೇರೆ ಬಾಗಿಲು. ಬಡವನಾದರೂ ನಿನ್ನ ಬಾಗಿಲನ್ನು ನೀನೇ ತೆಗೆ, ನೀನೇ ಹಾಕಿಕೋ ಎಂದಂತೆ. ಬಾಗಿಲ ಪಕ್ಕದ ಗಂಟೆಯ ಹಿಡಿಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿದ್ದಾರೆ. ಬೀದಿದೀಪವಿಲ್ಲದ ಕಾಲದಲ್ಲಿ ಕತ್ತಲೆಯಲ್ಲಿ ಕೈಯಿಂದ ತಡವಿ ತನ್ನ ಮನೆಯನ್ನು ಗುರುತಿಸಲೆಂದು ಹಾಗೆ ಮಾಡಿದರೆಂದು ಹೇಳುತ್ತಾರೆ. ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಪ್ರತಿಯೊಬ್ಬನಿಗೂ ಅವನದೇ ಆದ ಒಂದು ಗುರುತು. ಅದೂ ಅಂಗೈಗೆ ತಿಳಿಯುವಂಥದು. ೧೯೪೪ರ ವಿಮಾನದಾಳಿಯಲ್ಲಿ ಬಹುಭಾಗ ನೆಲಸಮವಾದಾಗ ಮತ್ತೆ ಹಿಂದಿನಂತೆಯೇ ಕಟ್ಟಿದರು. ವರ್ಷದ ಬಾಡಿಗೆ ಹಳೆಯ ಒಂದು ಗುಲ್ಡನ್ ನಾಣ್ಯದ ಲೆಕ್ಕದಲ್ಲೇ ನಿಂತಿದೆ. ಇಂದಿನ ಹಣದಲ್ಲಿ ಒಂದು ಯೂರೋ ಕೂಡ ಆಗದು. ಸಂಗೀತಗಾರ ಮೊಟ್ಸಾರ್ಟನ ಮುತ್ತಜ್ಜ, ಗಾರೆಕೆಲಸದವನು, ಅಲ್ಲಿ ಬಾಳಿದವನೇ.

ಅದನ್ನೂ ಕಣ್ಣುಮುಚ್ಚಿ ಹೊಗಳಲಾರೆ. ಅಲ್ಲಿರಬೇಕಾದರೆ ಅದೇ ಊರಿನವನೂ ಕ್ಯಾಥೊಲಿಕ್ ಮತದವನೂ ಆಗಿರಬೇಕು, ದಿನಕ್ಕೆ ಮೂರು ಬಾರಿ ಪ್ರಾರ್ಥನೆ ಸಲ್ಲಿಸಬೇಕು. ರಾತ್ರಿ ಹತ್ತಕ್ಕೆ ಹೊರಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವನು ಕಾವಲುಗಾರನಿಗೆ ಸಣ್ಣ ಕಾಸು ಕೊಡಬೇಕು. ಅಲ್ಲಿಯೂ ಪ್ರಶ್ನೆಯುಂಟು, ಆದರೆ ಅದನ್ನು ಒಮ್ಮೆ ಕೇಳಿ ಮುಗಿಸಿ ಬೀಗದ ಕೈ ಕೊಡುತ್ತಾರೆ. ನಮ್ಮ ಅಂಕಣ ಯಾರಿಗೂ ಬೀಗದ ಕೈ ಕೊಡಲಿಲ್ಲ, ಏಕೆಂದರೆ ಅದಕ್ಕೆ ಬಾಗಿಲೇ ಇಲ್ಲ. ಯಾವುದು ಮೇಲೆಂದು ಕೇಳಿದರೆ, ಒಂದು ರಾತ್ರಿಗೆ ಅಂಕಣ ಮೇಲು. ಮುಪ್ಪಿಗೆ ಬಾಗಿಲೇ ಮೇಲು ಎನ್ನುತ್ತೇನೆ.

ಹೊಸ ಕಾಲಕ್ಕೆ ತಕ್ಕಂತೆ ಛತ್ರವನ್ನು ತಿದ್ದಿದವರಲ್ಲಿ ಗುಬ್ಬಿ ತೋಟದಪ್ಪನವರನ್ನು ನೆನೆಯಬೇಕು. ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರಿಗೆ ೧೯೦೩ರಲ್ಲಿ ಅವರ ಧರ್ಮಛತ್ರ ತೆರೆಯಿತು. ರೈಲಿಳಿದ ಬಡವನು ದಾರಿ ಕೇಳುವ ಅಗತ್ಯವಿಲ್ಲದಂತೆ ನಿವೇಶನವನ್ನು ಆರಿಸಿದ್ದೇ ಅಲ್ಲಿಯ ಮೊದಲ ಶಿಲ್ಪ. ದಾರಿಗರ ಜೊತೆಗೆ ಓದುವ ಹುಡುಗರಿಗೂ ನೆಲೆ ಮಾಡಿದರು. ಎಂದರೆ ಮೂರು ದಿನದ ಲೆಕ್ಕವನ್ನು ಅವರು ದಾಟಿದರು.

ಈಗ ನಮ್ಮ ಸೀಮೆಯಲ್ಲಿ ಛತ್ರವೆಂದರೆ ಮದುವೆಯ ಛತ್ರ. ಬಾಡಿಗೆಯ ಪಟ್ಟಿ, ಕಬ್ಬಿಣದ ಗೇಟು, ಒಳಗೆ ಕನ್ನಡಿಯ ಗೋಡೆ. ಜಗಲಿ ಇಲ್ಲ. ನಾನು ಪಾಠ ಹೇಳುವ ಊರಿನಲ್ಲಿ ಹಳೆಯ ಛತ್ರವೊಂದಿದೆ. ಅದರ ಜಗಲಿಯ ಕೊನೆಯ ಅಂಕಣದಲ್ಲಿ ಒಬ್ಬ ಮುದುಕಿ ಎರಡು ವರ್ಷ ಇದ್ದಳು. ಕಂಬದ ಸಂದಿನಲ್ಲಿ ಅವಳ ತಂಬಿಗೆ, ಚಾಪೆಯ ಸುರುಳಿ. ನಮ್ಮ ಮಕ್ಕಳು ಆ ಅಂಕಣವನ್ನು ‘ಅಜ್ಜಿ ಮನೆ’ ಎನ್ನುತ್ತಿದ್ದರು. ಕಟ್ಟಡವನ್ನು ರಕ್ಷಿಸಬೇಕೆಂದು ಕಳೆದ ವರ್ಷ ಕಂಬದಿಂದ ಕಂಬಕ್ಕೆ ಕಬ್ಬಿಣದ ಜಾಲರಿ ಹಾಕಿಸಿದರು. ಕಂಬಗಳು ಈಗ ಶುಚಿಯಾಗಿವೆ. ಮುದುಕಿ ಕೆಲವು ದಿನ ಬಸ್ ನಿಲ್ದಾಣದಲ್ಲಿದ್ದು ಆಮೇಲೆ ಕಾಣಲಿಲ್ಲ. ಆ ಜಾಲರಿಗೆ ನಾನೂ ಹತ್ತು ರೂಪಾಯಿ ಚಂದಾ ಕೊಟ್ಟಿದ್ದೆ.

ನಮ್ಮ ಸಂಘದ ಸದಸ್ಯರು ತಂತಮ್ಮ ಊರಿನ ಛತ್ರಗಳನ್ನೂ ಮಂಟಪಗಳನ್ನೂ ಅಳೆದು ಬರೆದಿಟ್ಟರೆ ಉಪಕಾರವಾದೀತು. ಅಂಕಣವೆಷ್ಟು, ಜಗಲಿಯ ಎತ್ತರವೆಷ್ಟು, ಬಾಗಿಲು ಎಷ್ಟು, ಯಾವುದಕ್ಕೆ ಬೀಗವಿದೆ. ನಮ್ಮ ಊರಿನದನ್ನು ಐದನೆಯ ತರಗತಿಯ ಮಕ್ಕಳೊಡನೆ ಅಳೆದೆ: ಮುಂದಿನ ಸಾಲಿನಲ್ಲಿ ಆರು ಅಂಕಣ, ಜಗಲಿಯ ಎತ್ತರ ಎರಡೂವರೆ ಅಡಿ, ಬಾಗಿಲು ಒಂದೇ.