ದುರ್ಗ ಬಿಟ್ಟ ಹಾವು

ಕನ್ನಡದಲ್ಲಿ ರೀಮೇಕ್ ಎಂದ ತಕ್ಷಣ ನೆನಪಾಗುವುದು ಹೊರಗಿನಿಂದ ಬಂದ ಚಿತ್ರಗಳು. ತಮಿಳಿನ ಕತೆ, ತೆಲುಗಿನ ಹೊಡೆದಾಟ, ಹಿಂದಿಯ ಹಾಡು. ಇದರಿಂದ ಬೇಸತ್ತು ‘ಸ್ವಮೇಕ್’ ಎಂಬ ಪದವನ್ನೇ ಹುಟ್ಟಿಸಿಕೊಂಡವರು ನಾವು. ಆದರೆ ನಮ್ಮ ಚಿತ್ರವೊಂದು ಬೇರೆ ಭಾಷೆಗೆ ಹೋದಾಗ ದನಿ ಬದಲಾಗುತ್ತದೆ. ‘ಹಿಂದಿಯವರೂ ನಮ್ಮ ಕತೆ ತಗೊಂಡ್ರು’ ಎನ್ನುವ ಹೆಮ್ಮೆ ಬರುತ್ತದೆ. ಹಾಗೆ ಹೋದ ಚಿತ್ರ ಅಲ್ಲಿ ಏನಾಯಿತು ಎಂದು ಕೇಳುವವರು ಕಡಿಮೆ.

ನಾನು ಕೇಳಬೇಕೆಂದಿರುವುದು ಅಂಥ ಒಂದು ಚಿತ್ರದ ಬಗ್ಗೆ. 1972ರ ‘ನಾಗರಹಾವು’. ಎರಡೇ ವರ್ಷದಲ್ಲಿ ಅದು ಮೂರು ಭಾಷೆಗಳಿಗೆ ಹೋಯಿತು: ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’, ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’. ಮೂರೂ 1974ರವು. ಹಿಂದಿಯದನ್ನು ನಿರ್ದೇಶಿಸಿದವರು ಸ್ವತಃ ಪುಟ್ಟಣ್ಣ ಕಣಗಾಲ್. ಆ ಕಾರಣಕ್ಕೇ ಈ ಉದಾಹರಣೆ ನನಗೆ ಮುಖ್ಯ. ಸಾಮಾನ್ಯವಾಗಿ ರೀಮೇಕ್ ಸೋತರೆ, ಮಾಡಿದವನಿಗೆ ಮೂಲ ಅರ್ಥವಾಗಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಇಲ್ಲಿ ಆ ಮಾತು ನಡೆಯುವುದಿಲ್ಲ. ‘ನಾಗರಹಾವು’ ಏನೆಂದು ಪುಟ್ಟಣ್ಣನವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಹಿಂದಿ ಚಿತ್ರ ಸೋತಿತು. ಇಂದು ಅದರಲ್ಲಿ ಜನರ ಬಾಯಲ್ಲಿ ಉಳಿದಿರುವುದು ಆರ್.ಡಿ. ಬರ್ಮನ್ ಸಂಗೀತಕ್ಕೆ ಕಿಶೋರ್ ಕುಮಾರ್ ಹಾಡಿದ ‘ಓ ಹಂಸಿನಿ’ ಒಂದೇ. ಹಾಡು ಕೇಳಿದವರಲ್ಲಿ ಎಷ್ಟೋ ಜನಕ್ಕೆ ಚಿತ್ರದ ಹೆಸರೂ ಗೊತ್ತಿಲ್ಲ.

ಹಾಗಾದರೆ ಕಳೆದುಹೋದದ್ದೇನು?

ಮೊದಲು ನೆನಪಿಡಬೇಕಾದ ಸಂಗತಿ, ‘ನಾಗರಹಾವು’ ಕೂಡ ಆಕಾಶದಿಂದ ಇಳಿದ ಚಿತ್ರವಲ್ಲ. ಅದು ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ್ದು. ಚಿತ್ರ ನೋಡಿ ಕಾದಂಬರಿಕಾರರಿಗೆ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೆರೆಹಾವು ಮಾಡಿಬಿಟ್ಟರು ಎಂದು ಅವರು ಅಂದದ್ದು ಇಂದಿಗೂ ಓಡಾಡುವ ಮಾತು. ಹಾಗಾಗಿ ‘ಮೂಲ ಪವಿತ್ರ, ಮುಟ್ಟಬಾರದು’ ಎಂಬ ವಾದವನ್ನು ನಾನು ಹೂಡಲಾರೆ. ಹಾಗೆ ಹೂಡಿದರೆ ಪುಟ್ಟಣ್ಣ ಕಾದಂಬರಿಯನ್ನು ಮುಟ್ಟಿದ್ದೂ ತಪ್ಪಾಗುತ್ತದೆ.

ಆದರೆ ಎರಡು ಕೆಲಸಗಳ ನಡುವೆ ವ್ಯತ್ಯಾಸವಿದೆ. ಪುಟ್ಟಣ್ಣ ಕಾದಂಬರಿಗಳನ್ನು ಓದಿ, ಬೇಕಾದ್ದನ್ನು ಉಳಿಸಿಕೊಂಡು, ಬೇಡವಾದ್ದನ್ನು ಬಿಟ್ಟು ಇನ್ನೊಂದು ಮಾಧ್ಯಮದಲ್ಲಿ ತಮ್ಮ ಓದನ್ನು ಮುಂದಿಟ್ಟರು. ತ.ರಾ.ಸು. ಒಪ್ಪದಿದ್ದರೂ ಅದೊಂದು ಓದು. ರೀಮೇಕ್ ಸಾಮಾನ್ಯವಾಗಿ ಓದುವುದಿಲ್ಲ, ಸಾಗಿಸುತ್ತದೆ. ಗೆದ್ದ ಕತೆಯನ್ನು ಒಂದು ಊರಿನಿಂದ ಕಿತ್ತು ಇನ್ನೊಂದು ಊರಿನಲ್ಲಿ ಇಳಿಸುತ್ತದೆ. ಕಿತ್ತಾಗ ಬೇರಿನ ಜೊತೆ ಎಷ್ಟು ಮಣ್ಣು ಬಂತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ.

‘ನಾಗರಹಾವು’ ಚಿತ್ರದ ಮಣ್ಣು ಚಿತ್ರದುರ್ಗ. ತ.ರಾ.ಸು. ತಳುಕಿನ ಮನೆತನದವರು; ದುರ್ಗದ ಪಾಳೆಯಗಾರರ ಇತಿಹಾಸವನ್ನು ಕಾದಂಬರಿಯಿಂದ ಕಾದಂಬರಿಗೆ ಬರೆದು, ಕೊನೆಗೆ ‘ದುರ್ಗಾಸ್ತಮಾನ’ದಲ್ಲಿ ಅದರ ಪತನವನ್ನು ಬರೆದವರು. ಚಿತ್ರದಲ್ಲಿ ಆ ಕೋಟೆ, ಆ ಬಂಡೆಗಳು ಹಿನ್ನೆಲೆಯ ಪರದೆಯಲ್ಲ. ರಾಮಾಚಾರಿ ಸಿಟ್ಟು ಬಂದಾಗ ಅಲ್ಲಿಗೆ ಹೋಗುತ್ತಾನೆ, ಪ್ರೀತಿ ಬಂದಾಗಲೂ ಅಲ್ಲಿಗೇ ಹೋಗುತ್ತಾನೆ, ಕೊನೆಗೆ ಸಾಯುವುದೂ ಅಲ್ಲೇ. ನಡುವೆ ಓಬವ್ವನ ಪ್ರಸಂಗ ಬರುತ್ತದೆ. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಒನಕೆಯಿಂದ ಬಡಿದ ಹೆಂಗಸಿನ ಪಾತ್ರದಲ್ಲಿ ಜಯಂತಿ ಕಾಣಿಸಿಕೊಳ್ಳುತ್ತಾರೆ. ಕತೆಯ ನಡೆಗೆ ಆ ಪ್ರಸಂಗ ಅಗತ್ಯವಿಲ್ಲ. ಚಿತ್ರಕತೆಯ ಪಾಠ ಹೇಳುವವರು ಅದನ್ನು ಕತ್ತರಿಸಿ ಎನ್ನಬಹುದು. ಆದರೆ ಕನ್ನಡ ಪ್ರೇಕ್ಷಕನಿಗೆ ಆ ಕೆಲವು ನಿಮಿಷಗಳು ಇಡೀ ಚಿತ್ರಕ್ಕೆ ತಳಪಾಯ. ಈ ಬಂಡೆಗಳಲ್ಲಿ ಹುಟ್ಟಿದವರು ಬಗ್ಗುವವರಲ್ಲ ಎಂಬುದು ಅವನಿಗೆ ಅಲ್ಲಿ ಮನಸ್ಸಿಗೆ ಬರುತ್ತದೆ. ಆಮೇಲೆ ರಾಮಾಚಾರಿಯ ಹಟ ಬರಿಯ ಪುಂಡಾಟವಾಗಿ ಕಾಣುವುದಿಲ್ಲ. ಓಬವ್ವನನ್ನು ಪ್ರಾಥಮಿಕ ಶಾಲೆಯ ಪಾಠದಲ್ಲಿ ಓದದ ಪ್ರೇಕ್ಷಕನ ಮುಂದೆ ಅದೇ ಬಂಡೆಗಳನ್ನೇ ಇಟ್ಟರೂ ಅವು ಬಂಡೆಗಳಷ್ಟೇ.

ಎರಡನೆಯದು, ಮಾತು. ಚಾಮಯ್ಯ ಮೇಷ್ಟ್ರು ಎಂದಾಗ ನಮಗೆ ಕಾಣುವುದು ಗುರು ಎಂಬ ದೊಡ್ಡ ಕಲ್ಪನೆಯಲ್ಲ; ಕೋಟು, ಪೇಟ, ಸಣ್ಣ ಸಂಬಳದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರು. ಕೆ.ಎಸ್. ಅಶ್ವಥ್ ಅದನ್ನು ನಟಿಸಿದರು ಎನ್ನುವುದಕ್ಕಿಂತ, ನಮ್ಮ ನಮ್ಮ ಊರಿನ ಮೇಷ್ಟ್ರಿಗೆಲ್ಲ ಅವರ ಮುಖ ಕೊಟ್ಟುಬಿಟ್ಟರು ಎನ್ನಬೇಕು. ಮಕ್ಕಳಿಲ್ಲದ ಆ ದಂಪತಿ, ತುಂಗಮ್ಮನಾಗಿ ಲೀಲಾವತಿ, ಮನೆಯಲ್ಲಿ ಬೈಸಿಕೊಂಡ ಹುಡುಗನಿಗೆ ಊಟ ಹಾಕುವ ಆ ಮನೆ. ‘ಮೇಷ್ಟ್ರೇ’ ಎಂಬ ಕರೆಯಲ್ಲಿ ಗೌರವ, ಸಲುಗೆ, ಸ್ವಲ್ಪ ಹೆದರಿಕೆ ಮೂರೂ ಇವೆ. ‘ಗುರೂಜಿ’ಯಲ್ಲಿ, ‘ಮಾಸ್ಟರ್‌ಜಿ’ಯಲ್ಲಿ ಗೌರವ ಉಳಿಯುತ್ತದೆ, ಸಲುಗೆ ಹೋಗುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ರಾಮಾಚಾರಿ, ಅಲಮೇಲು: ಈ ಎರಡು ಹೆಸರು ಕೇಳಿದರೆ ಸಾಕು, ಹಳೆ ಮೈಸೂರಿನ ಕಡೆಯವರಿಗೆ ಇಬ್ಬರ ಮನೆಯ ಅಡುಗೆಮನೆಯೂ ನಾಮದ ಗೆರೆಯೂ ಕಣ್ಣಿಗೆ ಕಟ್ಟುತ್ತದೆ. ಇಬ್ಬರೂ ಬ್ರಾಹ್ಮಣರೇ, ಒಳಪಂಗಡ ಮಾತ್ರ ಬೇರೆ. ಹೊರಗಿನವರಿಗೆ ಕಾಣಿಸದಷ್ಟು ತೆಳುವಾದ ಆ ಗೆರೆಗಾಗಿ ಮೇಷ್ಟ್ರು ಶಿಷ್ಯನ ಪ್ರೀತಿಯನ್ನು ತ್ಯಾಗ ಮಾಡಿಸುತ್ತಾರೆ. ಇನ್ನೊಬ್ಬನನ್ನು ಮದುವೆಯಾದ ಅಲಮೇಲು ಕೊನೆಗೆ ದೊಡ್ಡ ಹೋಟೆಲಿನಲ್ಲಿ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ರಾಮಾಚಾರಿಗೆ ಎದುರಾಗುತ್ತಾಳೆ. ಗೆರೆ ಎಷ್ಟು ತೆಳು, ಬೆಲೆ ಎಷ್ಟು ದೊಡ್ಡದು ಎಂಬುದೇ ಈ ಚಿತ್ರದ ಕ್ರೌರ್ಯ. ಆ ಗೆರೆಯ ತೆಳುವು ಗೊತ್ತಿಲ್ಲದ ಕಡೆ ಇದು ‘ಅಪ್ಪ ಅಮ್ಮ ಒಪ್ಪದ ಪ್ರೇಮ’ ಆಗುತ್ತದೆ. ಅಂಥ ಕತೆ ಹಿಂದಿಯಲ್ಲಿ ವರ್ಷಕ್ಕೆ ಹತ್ತು ಬರುತ್ತಿದ್ದವು.

ಇದರ ಮೇಲೆ ನಾಯಕನ ಮಾತಿದೆ. ‘ವಂಶವೃಕ್ಷ’ದ ಸಣ್ಣ ಪಾತ್ರವೊಂದನ್ನು ಬಿಟ್ಟರೆ ವಿಷ್ಣುವರ್ಧನ್ ಆಗ ಹೊಸ ಮುಖ. ಅವರನ್ನು ಪ್ರೀತಿಸಲು ನಮಗೆ ಮೊದಲೇ ಯಾವ ಕಾರಣವೂ ಇರಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು, ಸೇಡಿಗಾಗಿ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುವ ಹುಡುಗ ಮುಂದೇನು ಮಾಡುತ್ತಾನೋ ಎಂಬ ಅಂಜಿಕೆ ನಿಜವಾದದ್ದು. ಜಲೀಲನಾಗಿ ಬಂದ ಅಂಬರೀಶ್ ಕೂಡ ಹೊಸಬರೇ. ಹಿಂದಿಯಲ್ಲಿ ಆ ಜಾಗಕ್ಕೆ ಬಂದವರು ರಿಷಿ ಕಪೂರ್. ‘ಬಾಬಿ’ ಬಿಡುಗಡೆಯಾಗಿ ಇನ್ನೂ ಒಂದು ವರ್ಷ, ದೇಶವೆಲ್ಲ ಮುದ್ದಿಸುತ್ತಿದ್ದ ಹುಡುಗ. ನಟನೆಯಲ್ಲಿ ಅವರು ಕಡಿಮೆ ಎಂದು ನನ್ನ ವಾದವಲ್ಲ. ಪ್ರೇಕ್ಷಕ ಆಗಲೇ ಕ್ಷಮಿಸಿಬಿಟ್ಟ ಮುಖದಲ್ಲಿ ವಿಷ ಕಾಣುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಹಾಗಾದರೆ ಯಾವ ಚಿತ್ರವೂ ಊರು ಬಿಡಬಾರದೇ? ಬಿಡಬಹುದು. ಪುಟ್ಟಣ್ಣನವರ ಇನ್ನೊಂದು ಚಿತ್ರವೇ ಸಾಕ್ಷಿ. 1978ರ ‘ಪಡುವಾರಹಳ್ಳಿ ಪಾಂಡವರು’ 1980ರಲ್ಲಿ ಬಾಪು ನಿರ್ದೇಶನದಲ್ಲಿ ‘ಹಮ್ ಪಾಂಚ್’ ಆಯಿತು, ಗೆದ್ದಿತು. ಹಳ್ಳಿಯ ಧಣಿಗೆ ಎದುರು ನಿಲ್ಲುವ ಐವರು ಹುಡುಗರ ಆ ಕತೆಯ ಎಲುಬು ಮಹಾಭಾರತ. ಅದನ್ನು ಹೊತ್ತ ಚಿತ್ರ ಎಲ್ಲಿ ಹೋದರೂ ಜನಕ್ಕೆ ಗುರುತು ಸಿಗುತ್ತದೆ. ಕುರೊಸಾವಾ ಅವರ ‘ಸೆವೆನ್ ಸಮುರಾಯ್’ 1960ರಲ್ಲಿ ಅಮೆರಿಕಕ್ಕೆ ಹೋಗಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆದಾಗಲೂ ಹಾಗೆಯೇ: ಕತ್ತಿ ಬಿಟ್ಟು ಬಂದೂಕು ಹಿಡಿದರು, ಅಲ್ಲಿನ ಕೌಬಾಯ್ ಚಿತ್ರಗಳ ಮಣ್ಣಲ್ಲೇ ಬೇರು ಬಿಟ್ಟರು. ಇನ್ನೊಂದು ತುದಿಯಲ್ಲಿ 1998ರ ‘ಸೈಕೋ’ ಇದೆ. ಹಿಚ್‌ಕಾಕ್ 1960ರಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದದ್ದನ್ನು ಗಸ್ ವ್ಯಾನ್ ಸ್ಯಾಂಟ್ ಹೆಚ್ಚು ಕಡಿಮೆ ಶಾಟ್‌ಗೆ ಶಾಟ್ ಬಣ್ಣದಲ್ಲಿ ಮತ್ತೆ ತೆಗೆದರು. ಸಂಗೀತವೂ ಅದೇ. ಎಲ್ಲವೂ ಇತ್ತು, ಹೆದರಿಕೆ ಮಾತ್ರ ಇರಲಿಲ್ಲ. ಚಿತ್ರ ಹುಟ್ಟಿದ ಕಾಲವನ್ನು ಶಾಟ್‌ಗಳ ಜೊತೆ ನಕಲು ಮಾಡಲು ಬರುವುದಿಲ್ಲ.

‘ನಾಗರಹಾವು’ ದೋಷವಿಲ್ಲದ ಚಿತ್ರ ಎಂದೂ ನಾನು ಹೇಳುತ್ತಿಲ್ಲ. ಇಂದು ನೋಡಿದರೆ ಅದರಲ್ಲಿ ಚುಚ್ಚುವ ಜಾಗಗಳಿವೆ. ಹೆಣ್ಣನ್ನು ಬೀದಿಯಲ್ಲಿ ಅಡ್ಡಗಟ್ಟುವ ಪುಂಡನಿಗೆ ಮುಸ್ಲಿಂ ಹೆಸರೇ ಏಕೆ? ಮಾರ್ಗರೆಟ್ಟಳ ಕ್ರೈಸ್ತತನವನ್ನು ಬಿಂಕದ ಉಡುಪಿನಲ್ಲೇ ಏಕೆ ತೋರಿಸಬೇಕು? ಗುರು ಕೊಟ್ಟ ಮಾತಿನ ಬೆಲೆಯನ್ನು ಅಲಮೇಲು ಕಟ್ಟುತ್ತಾಳೆ, ಆದರೆ ಕೊನೆಯ ದೃಶ್ಯದ ಕಣ್ಣೀರು ಗುರುವಿಗೂ ಶಿಷ್ಯನಿಗೂ ಸಲ್ಲುತ್ತದೆ. ಬೆಟ್ಟದ ಮೇಲೆ ಮೇಷ್ಟ್ರು ಬಿದ್ದ ಮೇಲೆ, ರಾಮಾಚಾರಿ ಮಾರ್ಗರೆಟ್ಟಳೊಂದಿಗೆ ಹೋದ ಮೇಲೆ, ಅಲಮೇಲು ಎಲ್ಲಿದ್ದಾಳೆ ಎಂದು ಚಿತ್ರ ತಿರುಗಿ ನೋಡುವುದಿಲ್ಲ. ಇಂದು ಯಾರಾದರೂ ಅವಳ ಕಡೆಯಿಂದ ಚಿತ್ರ ಮಾಡಿದರೆ ನಾನು ಮೊದಲ ದಿನವೇ ನೋಡುತ್ತೇನೆ. ಅದು ‘ನಾಗರಹಾವು’ ಚಿತ್ರಕ್ಕೆ ಕೊಟ್ಟ ಉತ್ತರವಾಗುತ್ತದೆ. ಮೂಲದೊಡನೆ ಜಗಳವಾಡುವ ಚಿತ್ರಕ್ಕೆ ಮೂಲ ಬೇಕೇ ಬೇಕು. ಮೂಲದ ಜಾಗದಲ್ಲಿ ಕೂರಲು ಬಂದ ಚಿತ್ರಕ್ಕೆ ಅದು ಅಡ್ಡಿ.

ರೀಮೇಕ್‌ಗೆ ಹಿಂದೆ ಒಂದು ಸಮರ್ಥನೆ ಇತ್ತು. ಕನ್ನಡ ಬಾರದವರು ಕನ್ನಡ ಚಿತ್ರ ನೋಡಲು ಬೇರೆ ದಾರಿ ಇರಲಿಲ್ಲ. ಈಗ ಆ ಮಾತಿಲ್ಲ. ಅಡಿಬರಹ ಹಾಕಿದರೆ ಕೊರಿಯಾದ ಚಿತ್ರವನ್ನು ಕೊಪ್ಪಳದಲ್ಲಿ ನೋಡುತ್ತೇವೆ. 2018ರಲ್ಲಿ ‘ನಾಗರಹಾವು’ ಡಿಜಿಟಲ್ ರೂಪದಲ್ಲಿ, ಹೊಸ ಧ್ವನಿಯೊಂದಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ, ಅದು ಬಂದಾಗ ಹುಟ್ಟೇ ಇರದಿದ್ದವರೂ ಹೋಗಿ ನೋಡಿದರು. ಹಳೆಯ ಚಿತ್ರಕ್ಕೆ ನಾವು ಮಾಡಬಹುದಾದ ಸೇವೆ ಅಂಥದ್ದು: ಮಾಸಿದ ಪ್ರಿಂಟು ತೊಳೆಯುವುದು, ಒಳ್ಳೆಯ ಅಡಿಬರಹ ಬರೆಯುವುದು, ‘ಮೇಷ್ಟ್ರೇ’ ಎಂಬುದನ್ನು ಇಂಗ್ಲಿಷಿನಲ್ಲಿ ಏನೆಂದು ಹಾಕಬೇಕೆಂದು ಒಂದು ದಿನ ತಲೆ ಕೆಡಿಸಿಕೊಳ್ಳುವುದು. ಕೊನೆಗೆ ಆ ಪದವನ್ನು ಹಾಗೆಯೇ ಬಿಡಬೇಕಾಗಿ ಬರಬಹುದು. ಬರಲಿ. ಹೊರಗಿನವರು ನಮ್ಮ ಮೇಷ್ಟ್ರನ್ನು ಮೇಷ್ಟ್ರೆಂದೇ ಕರೆಯಲು ಕಲಿಯಲಿ.